ಮರಳುಮಣ್ಣಿನಲ್ಲಿ ತಂಗಡಿ ಹೂವು

ನಮ್ಮ ಶಾಲೆಯ ಹಿಂದಿನ ಗೋಡೆ ಪಕ್ಕ ಹಳದಿ ಹೂ ಬಿಟ್ಟಿರುವ ಎಂಟು ಗಿಡಗಳನ್ನು ನೀವೆಲ್ಲ ನೋಡಿದ್ದೀರಿ. "ಅದ್ಯಾಕೆ ಬೀಳು ಜಾಗದ ಗಿಡ ತಂದು ಶಾಲೇಲಿ ನೆಟ್ಟಿದ್ದೀರಿ?" ಅಂತ ತುಂಬ ಜನ ಕೇಳಿದರು. ಕೆಲವರು ನಕ್ಕರು. ಅದಕ್ಕೆ ಉತ್ತರವಾಗಿ ಈ ಪಾಠ ಬರೆದಿದ್ದೇನೆ. ನಾವು ಮಾಡಿದ ತಪ್ಪುಗಳನ್ನೂ ಮುಚ್ಚಿಡದೆ ಬರೆದಿದ್ದೇನೆ. ಅದನ್ನು ಓದಿದರೆ ನಿಮಗೆ ಬೀಜ ದಂಡವಾಗುವುದಿಲ್ಲ.

ಯಾಕೆ ತಂಗಡಿ?

ಮಂಡ್ಯ ಜಿಲ್ಲೆ ಅಂದರೆ ಕಬ್ಬು, ಭತ್ತ, ನಾಲೆ ನೀರು ಅಂತ ಹೊರಗಿನವರು ತಿಳಿದಿದ್ದಾರೆ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆ ಹರಿಯುವ ಕಡೆ ಅದು ನಿಜ. ಆದರೆ ನಾಲೆಗಿಂತ ಎತ್ತರದಲ್ಲಿರುವ ಹೊಲಕ್ಕೆ ನಾಲೆ ನೀರು ಹತ್ತುವುದಿಲ್ಲ. ಮದ್ದೂರಿಗೂ ಮಳವಳ್ಳಿಗೂ ನಡುವೆ ಇರುವ ನಮ್ಮೂರಿನ ಮೇಲ್ಗಡೆ ಹೊಲಗಳೆಲ್ಲ ಮಳೆ ನಂಬಿದವು. ಅಲ್ಲಿ ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆಯುತ್ತಾರೆ. ನಮ್ಮ ಶಾಲೆ ಇರುವುದೂ ಆ ದಿಣ್ಣೆಯ ಮೇಲೆಯೇ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದಲ್ಲೆಲ್ಲ ಬರ ಬಂತು. ನಮ್ಮ ಕೈತೋಟದಲ್ಲಿದ್ದ ಗುಲಾಬಿ, ಡೇರೆ, ಕ್ರೋಟನ್ ಎಲ್ಲ ಒಣಗಿಹೋದವು. ಕುಡಿಯೋಕೇ ನೀರು ಸಾಲದಿದ್ದಾಗ ಹೂವಿಗೆ ಯಾರು ಹಾಕುತ್ತಾರೆ? 2024ರ ಜೂನ್‌ನಲ್ಲಿ ಶಾಲೆ ಶುರುವಾದಾಗ ಹೆಡ್‌ಮೇಷ್ಟ್ರು, "ಇಲ್ಲಿ ಏನೂ ಬರಲ್ಲ, ಜಲ್ಲಿ ಹಾಕಿಸಿ ಸೈಕಲ್ ನಿಲ್ಲಿಸೋಣ" ಅಂದರು. ನಮಗೆ ಬೇಜಾರಾಯಿತು. ವಿಜ್ಞಾನದ ಮೇಷ್ಟ್ರು ನಮ್ಮ ಪರವಾಗಿ ಮಾತಾಡಿ, "ಮುಂದಿನ ವರ್ಷದ ದೀಪಾವಳಿವರೆಗೆ ಟೈಂ ಕೊಡಿ ಸಾರ್" ಅಂತ ಕೇಳಿದರು. ಹೆಡ್‌ಮೇಷ್ಟ್ರು ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು. ಬೇಸಗೆಯಲ್ಲಿ ತೊಂಬೆ ನೀರು ಒಂದು ಚೊಂಬೂ ಮುಟ್ಟಬಾರದು. ಹಾಗಾದರೆ ನೀರಿಲ್ಲದೆ ಬದುಕುವ ಗಿಡವೇ ಬೇಕು.

ತಂಗಡಿ ನೆನಪಾಗಿದ್ದು ನಮ್ಮಜ್ಜಿಯಿಂದ. ನಮ್ಮಜ್ಜಿ ಬಲಿಪಾಡ್ಯಮಿ ದಿನ ಸಗಣಿ ಬೆನಕ ಮಾಡಿ ಗರಿಕೆ, ತಂಗಡಿ ಹೂ ಸಿಕ್ಕಿಸುತ್ತಾರೆ. 2023ರ ದೀಪಾವಳಿಯಲ್ಲಿ ಹೂ ತರೋಕೆ ನನ್ನನ್ನು ಕಳಿಸಿದರು. ಮೊದಲು ರಸ್ತೆ ಬದಿಯಲ್ಲಿ ಬೇಕಾದಷ್ಟು ಇರುತ್ತಿತ್ತು. ರಸ್ತೆ ಅಗಲ ಮಾಡುವಾಗ ಜೆಸಿಬಿಯಲ್ಲಿ ಎಲ್ಲ ಕಿತ್ತುಹೋಗಿತ್ತು. ಗೋಮಾಳದ ಕಡೆ ಹೋದರೆ ಅಲ್ಲಿ ಬರೀ ಕಾಂಗ್ರೆಸ್ ಗಿಡ. ಬೆಳಿಗ್ಗೆಯಿಂದ ಅಲೆದು ಬರಿಗೈಲಿ ಬಂದೆ. ಅಜ್ಜಿ ಬೈಯಲಿಲ್ಲ. "ಹೋಗ್ಲಿ ಬುಡವ್ವ, ಚೆಂಡು ಹೂವನ್ನೇ ಸಿಕ್ಕಸ್ತೀನಿ. ತಂಗಡಿ ಹೂ ಸಿಕ್ದೆ ಇರೋ ಕಾಲಾನೂ ಬಂತಲ್ಲ" ಅಂದರು. ಆ ಮಾತು ನನಗೆ ಮರೆಯಲಿಲ್ಲ.

ಗಿಡದ ಪರಿಚಯ

ತಂಗಡಿಗೆ ಆವರಿಕೆ ಅಂತಲೂ ಹೆಸರಿದೆ. ತಮಿಳಿನಲ್ಲಿ ಆವಾರಂ, ತೆಲುಗಿನಲ್ಲಿ ತಂಗೇಡು ಅನ್ನುತ್ತಾರೆ. ವಿಜ್ಞಾನದ ಹೆಸರು ಸೆನ್ನ ಆರಿಕ್ಯುಲೇಟ. ಲಿನೇಯಸ್ ಎಂಬ ಸಸ್ಯವಿಜ್ಞಾನಿ 1753ರಲ್ಲಿ ಇದನ್ನು ಕ್ಯಾಸಿಯ ಆರಿಕ್ಯುಲೇಟ ಎಂದು ಕರೆದಿದ್ದನು. ಆರಿಕ್ಯುಲೇಟ ಅಂದರೆ ಕಿವಿ ಇರುವುದು. ಎಲೆಯ ಬುಡದಲ್ಲಿ ಕಿವಿಯ ಹಾಗೆ ಅಗಲವಾದ ಎರಡು ಚಿಕ್ಕ ಎಲೆಗಳಿರುತ್ತವೆ. ಹೋಗಿ ಮುಟ್ಟಿ ನೋಡಿ, ಗಿಡ ಗುರುತಿಸೋಕೆ ಅದೇ ಸುಲಭದ ಗುರುತು.

ಇದು ನಮ್ಮ ದೇಶದ್ದೇ ಗಿಡ. ಶ್ರೀಲಂಕದಲ್ಲೂ ಬೆಳೆಯುತ್ತದೆ. ಸಾಮಾನ್ಯವಾಗಿ ಒಂದೂವರೆ ಮೀಟರ್ ಎತ್ತರದ ಪೊದೆ. ಹುಣಸೆ ಎಲೆಯ ಹಾಗೆ ಒಂದು ಕಡ್ಡಿಗೆ ಎರಡು ಕಡೆ ಜೋಡಿ ಜೋಡಿ ಎಲೆ. ಐದು ದಳದ ಹಳದಿ ಹೂ. ಕಾಯಿ ಚಪ್ಪಟೆ, ಒಣಗಿದರೆ ಕಾಗದದ ಹಾಗೆ ಸದ್ದು ಮಾಡುತ್ತದೆ. ದನಗಳು ಇದನ್ನು ಇಷ್ಟಪಟ್ಟು ಮೇಯುವುದಿಲ್ಲ. ಬೇಲಿ ಸರಿಯಿಲ್ಲದ ನಮ್ಮ ಶಾಲೆಗೆ ಇದೂ ಒಂದು ಅನುಕೂಲ.

ನಮ್ಮ ಮಣ್ಣು ಎಂಥದು? (ಪ್ರಯೋಗ)

ಗಿಡ ನೆಡುವ ಮೊದಲು ಮಣ್ಣು ನೋಡಬೇಕು ಅಂತ ಮೇಷ್ಟ್ರು ಹೇಳಿದರು.

ಬೇಕಾಗುವ ಸಾಮಾನು: ಎರಡು ನೀರಿನ ಬಾಟಲಿ, ಹಳೇ ಬಟ್ಟೆ, ಕೈತೋಟದ ಮಣ್ಣು, ಕೆರೆಗೋಡು, ಅಳತೆ ಲೋಟ, ಗಡಿಯಾರ.

ವಿಧಾನ: ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿದೆವು. ಒಂದರಲ್ಲಿ ಕೈತೋಟದ ಒಣ ಮಣ್ಣು ಅರ್ಧ ಕೆಜಿ, ಇನ್ನೊಂದರಲ್ಲಿ ಒಣಗಿಸಿ ಪುಡಿ ಮಾಡಿದ ಕೆರೆಗೋಡು ಅರ್ಧ ಕೆಜಿ. ಎರಡಕ್ಕೂ 300 ಮಿ.ಲೀ. ನೀರು ಹಾಕಿದೆವು.

ಗಮನಿಸಿದ್ದು: ಕೈತೋಟದ ಮಣ್ಣಿನಿಂದ ಎರಡು ಮೂರು ನಿಮಿಷದಲ್ಲೇ 200 ಮಿ.ಲೀ.ಗಿಂತ ಸ್ವಲ್ಪ ಹೆಚ್ಚು ನೀರು ಕೆಳಗೆ ಸೋರಿತು. ಕೆರೆಗೋಡಿನಿಂದ ಅರ್ಧ ಗಂಟೆಯಾದರೂ ಸುಮಾರು 100 ಮಿ.ಲೀ. ಮಾತ್ರ ಬಂತು.

ತೀರ್ಮಾನ: ನಮ್ಮದು ಕೆಂಪು ಮರಳುಮಣ್ಣು. ಮರಳಿನ ಕಾಳುಗಳು ದೊಡ್ಡವು, ಅವುಗಳ ನಡುವೆ ಸಂದು ದೊಡ್ಡದು. ನೀರು ಬೇಗ ಇಳಿದುಹೋಗುತ್ತದೆ, ನಿಲ್ಲುವುದಿಲ್ಲ. ಗುಲಾಬಿಯಂಥ ಗಿಡಕ್ಕೆ ಇದು ಕೆಟ್ಟ ಮಣ್ಣು. ಆದರೆ ತಂಗಡಿ ಹುಟ್ಟಿ ಬೆಳೆದಿರುವುದೇ ಇಂಥ ಮಣ್ಣಿನಲ್ಲಿ. ಅದರ ತಾಯಿಬೇರು ನೇರವಾಗಿ ಆಳಕ್ಕೆ ಇಳಿದು, ಸೋರಿಹೋದ ನೀರನ್ನು ಕೆಳಗೆ ಹುಡುಕಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತರೇ ಅದಕ್ಕೆ ಕಷ್ಟ. ಈ ಮಾತು ನಮಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು.

ಮೂರು ಬಿತ್ತನೆ

ಬೀಜಕ್ಕಾಗಿ ಅಜ್ಜಿಯನ್ನೇ ಕೇಳಿದ್ದೆ. ನಮ್ಮ ಹೊಲದ ಬದುವಿನಲ್ಲಿ ಒಂದೇ ಒಂದು ಮುದಿ ತಂಗಡಿ ಗಿಡ ಇತ್ತು. 2024ರ ಫೆಬ್ರವರಿಯಲ್ಲಿ ಅದರ ಒಣಗಿದ ಕಾಯಿ ಬಿಡಿಸಿದೆವು. ಹುಳ ತಿಂದಿದ್ದನ್ನು ಬಿಟ್ಟು 44 ಒಳ್ಳೇ ಬೀಜ ಸಿಕ್ಕವು. ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡೆ. ಏಪ್ರಿಲ್‌ನಲ್ಲಿ ಯಾರೋ ಬದುವಿಗೆ ಬೆಂಕಿ ಹಾಕಿದಾಗ ಆ ಮುದಿ ಗಿಡವೂ ಸುಟ್ಟುಹೋಯಿತು. ಆಮೇಲೆ ನಮ್ಮ ಹತ್ತಿರ ಉಳಿದದ್ದು ಆ ಬೆಂಕಿಪೊಟ್ಟಣ ಮಾತ್ರ.

ಮೊದಲ ಬಿತ್ತನೆ, ಜೂನ್. 20 ಬೀಜಗಳನ್ನು ಹಾಗೇ ಮಣ್ಣಿಗೆ ಹಾಕಿದೆವು. ಮೂರು ವಾರ ಕಾದೆವು. ಹುಟ್ಟಿದ್ದು ಒಂದೇ. ಅದನ್ನೂ ಕೋಳಿ ಕೆದಕಿತು. ನಾನು ಮನೆಗೆ ಹೋಗಿ ಅತ್ತೆ. ಅಜ್ಜಿ ಹೇಳಿದರು: "ಅದು ರಾಗಿ ಅಲ್ಲ ಕಣವ್ವ, ಹಾಕಿದ್ ತಕ್ಷಣ ಹುಟ್ಟಾಕೆ. ಬಿಸ್ಲಲ್ಲಿ ಬೆಂದು, ದನದ ಗೊರ್ಸಿಗೆ ಸಿಕ್ಕಿ, ಕಲ್ಲಿಗೆ ಉಜ್ಜಿ, ಆಮೇಲೆ ಹುಟ್ಟೋದು." ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ತುಂಬ ಖುಷಿಪಟ್ಟರು. ತಂಗಡಿ ಬೀಜದ ಸಿಪ್ಪೆ ಬಹಳ ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ನೀರು ಒಳಗೆ ಹೋಗದೆ ಮೊಳಕೆ ಬರುವುದಿಲ್ಲ. ಒಂದೇ ಮಳೆಗೆ ಎಲ್ಲ ಬೀಜ ಹುಟ್ಟಿ, ಆಮೇಲೆ ಮಳೆ ಬರದೆ ಎಲ್ಲವೂ ಸಾಯದಿರಲಿ ಅಂತ ಗಿಡ ಮಾಡಿಕೊಂಡಿರುವ ಉಪಾಯ ಇದು. ನಾವು ಬೆಳೆಸಬೇಕಾದರೆ ಸಿಪ್ಪೆಯನ್ನು ಸ್ವಲ್ಪ ಉಜ್ಜಬೇಕು.

ಎರಡನೇ ಬಿತ್ತನೆ, ಜುಲೈ. 12 ಬೀಜಗಳನ್ನು ಜಗಲಿ ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿ ನೀರಲ್ಲಿ ನೆನೆಸಿ ಹಾಕಿದೆವು. ಒಂಬತ್ತನೇ ದಿನ ನೋಡಿದರೆ 9 ಮೊಳಕೆ! ನಾವು ಕುಣಿದಾಡಿಬಿಟ್ಟೆವು. ಪ್ರೀತಿ ಹೆಚ್ಚಾಗಿ ದಿನಕ್ಕೆ ಎರಡು ಸಲ ನೀರು ಹುಯ್ದೆವು. ಪಾತಿ ಕಟ್ಟಿ ನೀರು ನಿಲ್ಲಿಸಿದೆವು. ಎರಡು ವಾರದಲ್ಲಿ ಬುಡ ಕಪ್ಪಾಗಿ ಕೊಳೆತು 7 ಸಸಿ ಮಲಗಿಬಿಟ್ಟವು. ಬರದಲ್ಲಿ ಬದುಕುವ ಗಿಡವನ್ನು ನಾವು ನೀರು ಹಾಕಿ ಕೊಂದೆವು. ನೀರು ಹಾಕುವ ಸರದಿ ಆ ವಾರ ನನ್ನದೇ ಆಗಿತ್ತು. ಎಲ್ಲರೂ ಬೇರೆ ಬೇರೆ ಕಾರಣ ಹೇಳಿದರು, ನಾನು ಸುಮ್ಮನಿದ್ದೆ. ಈಗ ಇಲ್ಲಿ ಬರೆಯುತ್ತಿದ್ದೇನೆ: ತಪ್ಪು ನನ್ನದು. ಉಳಿದ 2 ಸಸಿ ಸಾಲಿನ ಮೇಲ್ತುದಿಯಲ್ಲಿದ್ದವು. ಅಲ್ಲಿ ಇಳಿಜಾರಿದ್ದುದರಿಂದ ನೀರು ನಿಲ್ಲದೆ ಹರಿದುಹೋಗುತ್ತಿತ್ತು. ಆ ಎರಡು ಸಸಿಗಳೇ ನಮಗೆ ಪಾಠ ಹೇಳಿದವು.

ಮೂರನೇ ಬಿತ್ತನೆ, ಆಗಸ್ಟ್. ಬೆಂಕಿಪೊಟ್ಟಣದಲ್ಲಿ ಉಳಿದದ್ದು 12 ಬೀಜ. ಈ ಸಲ ಹೆದರಿಕೆಯಿಂದ ನಿಧಾನವಾಗಿ ಮಾಡಿದೆವು. ಪಾತಿ ಕಟ್ಟದೆ, ಮಣ್ಣನ್ನು ಏರು ಮಾಡಿ ಅದರ ಮೇಲೆ ಹಾಕಿದೆವು. 9 ಹುಟ್ಟಿದವು. ಒಂದನ್ನು ಹುಳ ಕತ್ತರಿಸಿತು, ಒಂದು ವಾಲಿಬಾಲ್ ಬಿದ್ದು ಮುರಿಯಿತು. 7 ಉಳಿದವು. ಹಳೇ 2 ಸೇರಿ ಒಟ್ಟು 9 ಗಿಡ.

ಬೆಳೆಸುವ ವಿಧಾನ

ನಮ್ಮ ಅನುಭವದಿಂದ ಕ್ರಮವಾಗಿ ಬರೆಯುತ್ತೇನೆ. ಬೇಕಾದವರು ನೋಟ್ಸ್ ಮಾಡಿಕೊಳ್ಳಿ.

1. ಜಾಗ: ದಿನವೆಲ್ಲ ಬಿಸಿಲು ಬೀಳಬೇಕು. ಮರದ ನೆರಳು ಬೇಡ. ನೀರು ನಿಲ್ಲುವ ತಗ್ಗು ಬೇಡ. ಜೇಡಿಮಣ್ಣಾದರೆ ಮರಳು ಬೆರೆಸಿ ಏರು ಮಾಡಿ.

2. ಕಳೆ: ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿ. ಬರಿಗೈಲಿ ಕೀಳಬೇಡಿ, ನವೆ ಆಗುತ್ತದೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ.

3. ಬೀಜ: ಗಿಡದಲ್ಲೇ ಪೂರ್ತಿ ಒಣಗಿದ ಕಾಯಿ ಆರಿಸಿ. ತೂತು ಬಿದ್ದ ಬೀಜ ಬೇಡ. ಒಂದು ಗಿಡದ ಎಲ್ಲ ಕಾಯಿ ಕೀಳಬೇಡಿ, ಅರ್ಧ ಅಲ್ಲೇ ಬಿಡಿ.

4. ಉಜ್ಜುವುದು: ಒರಟು ಕಲ್ಲಿನ ಮೇಲೆ, ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಒಳಗಿನ ಬೇಳೆ ಕಾಣುವಷ್ಟು ಉಜ್ಜಬಾರದು. ಇಲ್ಲವಾದರೆ ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಅದಕ್ಕೆ ಬೀಜ ಹಾಕಿ ರಾತ್ರಿ ಇಡೀ ಬಿಡಿ. ಒಲೆ ಮೇಲೆ ಇಟ್ಟು ಬೇಯಿಸಬೇಡಿ! ಬಿಸಿನೀರಿನ ಕೆಲಸ ದೊಡ್ಡವರ ಕೈಲಿ ಮಾಡಿಸಿ. ಬೆಳಿಗ್ಗೆ ಊದಿಕೊಂಡ ಬೀಜ ಬಿತ್ತನೆಗೆ ತಯಾರು. ಊದದೆ ಇದ್ದದ್ದನ್ನು ಇನ್ನೊಮ್ಮೆ ಉಜ್ಜಿ.

5. ಬಿತ್ತುವುದು: ಬೆರಳಿನ ಒಂದು ಗೆಣ್ಣಿನಷ್ಟು ಆಳ ಸಾಕು. ಗುಂಡಿಯಿಂದ ಗುಂಡಿಗೆ ಒಂದು ಮೀಟರ್ ಬಿಡಿ. ಬೆಳೆಯುವ ಜಾಗದಲ್ಲೇ ಬಿತ್ತುವುದು ಒಳ್ಳೇದು. ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ತಾಯಿಬೇರು ಮುರಿಯುತ್ತದೆ.

6. ಕಾಲ: "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಾರೆ. ಆದರೆ ನಮ್ಮ ಕಡೆ ಮುಂಗಾರು ನಂಬೋಕಾಗುವುದಿಲ್ಲ. ಜುಲೈ ಕೊನೆ, ಆಗಸ್ಟ್‌ನಲ್ಲಿ ಬಿತ್ತಿದರೆ ಮುಂದೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ಸಸಿಗೆ ಸಿಗುತ್ತದೆ. ನಮಗೆ ಹಾಗೇ ಆಯಿತು.

7. ನೀರು: ಮೊಳಕೆ ಬರುವವರೆಗೆ ಮಣ್ಣು ತೇವ ಇರಬೇಕು. ನಾಲ್ಕು ಎಲೆ ಆದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. ಬೆರಳು ಚುಚ್ಚಿ ನೋಡಿ, ಒಳಗೆ ತೇವ ಇದ್ದರೆ ಹಾಕಲೇಬೇಡಿ. ಹಾಕಿದಾಗ ಒಂದು ಚೊಂಬು ನಿಧಾನವಾಗಿ ಹಾಕಿ, ಆಳಕ್ಕೆ ಇಳಿಯಲಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೇ ಉಳಿದುಬಿಡುತ್ತದೆ.

8. ಗೊಬ್ಬರ: ನಾವು ಹಾಕಿದ್ದು ಗುಂಡಿಗೆ ಒಂದು ಹಿಡಿ ಹಳೇ ತಿಪ್ಪೆಗೊಬ್ಬರ, ಅಷ್ಟೇ. ಬುಡಕ್ಕೆ ಒಣ ಎಲೆ, ರಾಗಿ ಹುಲ್ಲಿನ ಚೂರು ಮುಚ್ಚಿದೆವು. ಕಾಂಡಕ್ಕೆ ತಾಗದ ಹಾಗೆ ಬಿಟ್ಟು ಮುಚ್ಚಬೇಕು.

ಇನ್ನೊಂದು ಗಮನಿಸಿದ್ದು: ಸತ್ತ ಸಸಿಯನ್ನೂ ಅಲಸಂದೆ ಗಿಡವನ್ನೂ ಕಿತ್ತು ಬೇರು ಹೋಲಿಸಿದೆವು. ಅಲಸಂದೆ ಬೇರಿನಲ್ಲಿ ಸಾರಜನಕ ಹಿಡಿಯುವ ಗಂಟುಗಳಿದ್ದವು. ತಂಗಡಿ ಬೇರಿನಲ್ಲಿ ಇರಲಿಲ್ಲ. ಎರಡಕ್ಕೂ ಬೀಜ ಕಾಯೊಳಗೇ ಇದ್ದರೂ ಎರಡೂ ಒಂದೇ ಥರ ಅಲ್ಲ.

ಬೇಸಗೆ ರಜೆ

2025ರ ಏಪ್ರಿಲ್‌ನಲ್ಲಿ ರಜೆ ಕೊಟ್ಟಾಗ ಗಿಡಗಳು ನನ್ನ ಮೊಣಕಾಲೆತ್ತರ ಇದ್ದವು. ಗೇಟಿಗೆ ಬೀಗ. ಷರತ್ತಿನ ಪ್ರಕಾರ ನೀರು ಹಾಕುವ ಹಾಗಿಲ್ಲ. ನಾನು ದಿನಾ ಗೋಡೆ ಹತ್ತಿ ನೋಡುತ್ತಿದ್ದೆ. ಎಲೆ ಉದುರತೊಡಗಿದವು. ಒಂದು ದಿನ ಮನೆಯಿಂದ ಬಿಂದಿಗೆ ತರೋಣ ಅನ್ನಿಸಿತು. ಆದರೆ ಮಾತು ಮಾತೇ ಅಂತ ಸುಮ್ಮನಾದೆ. ಮೇ ಕೊನೆಯಲ್ಲಿ ಶಾಲೆ ಬಾಗಿಲು ತೆಗೆದಾಗ ಓಡಿಹೋಗಿ ಎಣಿಸಿದೆವು. ಒಂದು ಪೂರ್ತಿ ಒಣಗಿತ್ತು. ಎಂಟರಲ್ಲಿ ಹೊಸ ಚಿಗುರಿತ್ತು! ಬೇಸಗೆಯಲ್ಲಿ ಎಲೆ ಉದುರಿಸುವುದು ಸಾಯುವ ಲಕ್ಷಣ ಅಲ್ಲ, ನೀರು ಉಳಿಸಿಕೊಳ್ಳುವ ಕ್ರಮ ಅಂತ ಮೇಷ್ಟ್ರು ವಿವರಿಸಿದರು.

ಹೂವಿಗೆ ಬಂದ ನೆಂಟರು

ಸೆಪ್ಟೆಂಬರ್‌ನಲ್ಲಿ ಮೊದಲ ಹೂ ಬಿಟ್ಟಿತು. ಆಮೇಲೆ ದೊಡ್ಡ ಕರೀ ದುಂಬಿಗಳು ಬಂದವು. ಹೂವಿನ ಮೇಲೆ ಕೂತು ಗುಂಯ್ ಅಂತ ಜೋರಾಗಿ ಸದ್ದು ಮಾಡುತ್ತವೆ. ಚಿಕ್ಕ ಮಕ್ಕಳು ಹೆದರಿ ಓಡುತ್ತಿದ್ದರು. ಹೆದರಬೇಡಿ, ತಂಟೆಗೆ ಹೋಗದಿದ್ದರೆ ಅವು ಏನೂ ಮಾಡುವುದಿಲ್ಲ. ಆ ಸದ್ದಿಗೆ ಕಾರಣ ಇದೆ. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ ಇದೆ. ಆ ಪರಾಗ ಕೇಸರದ ಚೀಲದೊಳಗೆ ಇರುತ್ತದೆ. ಚೀಲದ ತುದಿಯಲ್ಲಿ ಸಣ್ಣ ತೂತು. ಪೌಡರ್ ಡಬ್ಬ ಅಲ್ಲಾಡಿಸಿದರೆ ಪೌಡರ್ ಬರುತ್ತದಲ್ಲ, ಹಾಗೇ ದುಂಬಿ ತನ್ನ ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಜೇನುನೊಣಕ್ಕೆ ಹೀಗೆ ನಡುಗಿಸಲು ಬರುವುದಿಲ್ಲ. ದುಂಬಿ ಒಂದು ಹೂವಿಂದ ಇನ್ನೊಂದಕ್ಕೆ ಹೋದಾಗ ಪರಾಗಸ್ಪರ್ಶ ಆಗಿ ಕಾಯಿ ಕಟ್ಟುತ್ತದೆ.

ಎಲೆ ತಿರುಗಿಸಿ ನೋಡಿದರೆ ಎಲೆಯದೇ ಬಣ್ಣದ ಹಸಿರು ಹುಳ ಕಾಣುತ್ತವೆ. ಅವು ಹಳದಿ ಚಿಟ್ಟೆ, ತಿಳಿಹಸಿರು ಬಿಳಿ ಚಿಟ್ಟೆಗಳ ಮರಿಹುಳಗಳು. ಸ್ವಲ್ಪ ಎಲೆ ತಿನ್ನುತ್ತವೆ, ತಿನ್ನಲಿ. ಔಷಧಿ ಹೊಡೆಯಬೇಡಿ. ಗಿಡ ಮತ್ತೆ ಚಿಗುರುತ್ತದೆ, ನಮಗೆ ಚಿಟ್ಟೆ ಸಿಗುತ್ತದೆ.

ನಿಮಗೆ ಗೊತ್ತೆ?

* ತಂಗಡಿ ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇದೆ. ಹಿಂದಿನಿಂದ ಇದನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು.
* 2014ರಲ್ಲಿ ಹುಟ್ಟಿದ ತೆಲಂಗಾಣ ರಾಜ್ಯವು ತಂಗಡಿಯನ್ನೇ ತನ್ನ ರಾಜ್ಯಪುಷ್ಪ ಮಾಡಿಕೊಂಡಿದೆ. ಅಲ್ಲಿ ಬತುಕಮ್ಮ ಹಬ್ಬದಲ್ಲಿ ಹೆಂಗಸರು ಹೂಗಳನ್ನು ಗೋಪುರದ ಹಾಗೆ ಜೋಡಿಸುತ್ತಾರೆ. ಅದರಲ್ಲಿ ತಂಗಡಿ ಹೂವಿಗೆ ಮುಖ್ಯ ಜಾಗ. ನಾವು ನಗುವ ಗಿಡಕ್ಕೆ ಅಲ್ಲಿ ಎಷ್ಟು ಮರ್ಯಾದೆ ನೋಡಿ.
* ಅಮೆರಿಕದಲ್ಲಿ ಪ್ರೇರಿ ಎಂಬ ದೊಡ್ಡ ಹುಲ್ಲುಗಾವಲಿತ್ತು. ಅದರ ಬಹುಭಾಗ ಉತ್ತು ಜೋಳ, ಗೋಧಿ ಬೆಳೆದರು. ಈಗ ಅಲ್ಲಿ ಕೆಲವರು ಪ್ರೇರಿಯ ಕಾಡುಹೂಗಳನ್ನು ಮನೆ ತೋಟದಲ್ಲಿ ಬಿತ್ತಿ ಉಳಿಸುತ್ತಿದ್ದಾರೆ. ಅವುಗಳಲ್ಲೂ ಕೆಲವಕ್ಕೆ ಎರಡು ಮೀಟರ್‌ಗಿಂತ ಆಳದ ಬೇರು.
* ತಂಗಡಿಯನ್ನು ಔಷಧಿ ಅಂತ ಹೇಳುವವರಿದ್ದಾರೆ. ಆದರೆ ತಿಳಿದವರನ್ನು ಕೇಳದೆ ನಾವು ಮಕ್ಕಳು ಎಲೆ, ಬೀಜ ತಿನ್ನಬಾರದು. ಹೊಟ್ಟೆ ಕೆಡುತ್ತದೆ.

ಕೊನೆಗೆ

2025ರ ದೀಪಾವಳಿಗೆ ಹೆಡ್‌ಮೇಷ್ಟ್ರು ಬಂದು ಗಿಡ ನೋಡಿದರು. ಬಹಳ ಹೊತ್ತು ನಿಂತಿದ್ದರು. ಆಮೇಲೆ, "ಸೈಕಲ್ ಆ ಕಡೆ ನಿಲ್ಲಿಸೋಣ. ಇದು ಹಿಂಗೇ ಇರಲಿ" ಅಂದರು. ನಾವು ಚಪ್ಪಾಳೆ ತಟ್ಟಿದೆವು.

ಬಲಿಪಾಡ್ಯಮಿ ದಿನ ಅಜ್ಜಿಯನ್ನು ಕರೆದುಕೊಂಡು ಬಂದೆ. ಗೋಡೆ ಪಕ್ಕ ಎಲ್ಲ ಹಳದಿ. ನಾನು ಬುಟ್ಟಿ ತಂದಿದ್ದೆ. ಅಜ್ಜಿ ಐದು ಹೂ ಮಾತ್ರ ಕಿತ್ತರು. "ಇನ್ನೂ ಕೀಳಜ್ಜಿ, ಬೇಕಾದಷ್ಟಿದೆ" ಅಂದೆ. "ದೇವ್ರಿಗೆ ಐದು ಸಾಕು ಕಣವ್ವ. ಮಿಕ್ಕಿದ್ದ ಕಾಯಾಗಾಕೆ ಬುಡು" ಅಂದರು. ದಾರಿಯುದ್ದಕ್ಕೂ ಆ ಐದು ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದರು.

ಈಗ ಜನವರಿ. ಕಾಯಿ ಒಣಗುತ್ತಿವೆ. ಫೆಬ್ರವರಿಯಲ್ಲಿ ಬೀಜ ಬಿಡಿಸುತ್ತೇವೆ. ಬೇಕಾದವರು ಖಾಲಿ ಬೆಂಕಿಪೊಟ್ಟಣ ತಂದು ಏಳನೇ ತರಗತಿಯಲ್ಲಿ ಕೊಡಿ, ಒಬ್ಬರಿಗೆ ಹತ್ತು ಬೀಜ ಕೊಡುತ್ತೇವೆ. ನಾವು ಏಳನೆಯವರು ಮುಂದಿನ ವರ್ಷ ಬೇರೆ ಶಾಲೆಗೆ ಹೋಗುತ್ತೇವೆ. ಆರನೇ ತರಗತಿಯವರು ಈ ಎಂಟು ಗಿಡ ನೋಡಿಕೊಳ್ಳಬೇಕು. ಹೆಚ್ಚು ಕೆಲಸ ಇಲ್ಲ. ಕಾಂಗ್ರೆಸ್ ಗಿಡ ಕೀಳುತ್ತಿರಿ, ಬೇಸಗೆಯಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಕೀಳಬೇಡಿ, ಮತ್ತೆ ದಯವಿಟ್ಟು ನೀರು ಜಾಸ್ತಿ ಹಾಕಬೇಡಿ.

ಪ್ರಶ್ನೆಗಳು (ಉತ್ತರ ಬರೆದು ಪೆಟ್ಟಿಗೆಗೆ ಹಾಕಿ)

1. ತಂಗಡಿ ಬೀಜವನ್ನು ಕಲ್ಲಿಗೆ ಯಾಕೆ ಉಜ್ಜಬೇಕು?
2. ಎರಡನೇ ಬಿತ್ತನೆಯಲ್ಲಿ 2 ಸಸಿ ಬದುಕಿದ್ದು ಯಾಕೆ?
3. ದುಂಬಿ ಹೂವಿನ ಮೇಲೆ ಗುಂಯ್ ಅನ್ನುವುದು ಯಾಕೆ?
4. ನಿಮ್ಮ ಮನೆ ಹತ್ತಿರ, ಹೊಲದ ಬದುವಿನಲ್ಲಿ ಎಷ್ಟು ತಂಗಡಿ ಗಿಡ ಇವೆ? ಎಣಿಸಿ ಬರೆಯಿರಿ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ, ಕೈತೋಟದ ಗುಂಪು